ಮಷೀನು ಮಾತಾಡುವ ಮುಂಚಿನ ಹೊತ್ತು

ಕಂಪ್ಯೂಟರ್ ಕೆಟ್ಟರೆ ಬೇರೆ ಕಡೆ ಜನ ಫೋನ್ ಮಾಡಿ, ಪರದೆ ಮೇಲೆ ಹೀಗೆ ಬಂದಿದೆ, ಹಾಗೆ ಬಂದಿದೆ ಎಂದು ಓದಿ ಹೇಳುತ್ತಾರೆ. ನನಗೆ ಬರುತ್ತಿದ್ದ ಫೋನಿನಲ್ಲಿ ಒಂದೇ ಮಾತು ಇರುತ್ತಿತ್ತು: "ಸರ, ಮಷೀನು ಮಾತಾಡವಲ್ದು."

ನಾನು ಕೆಲಸ ಮಾಡಿದ್ದು ವಿಜಯಪುರದ ಒಂದು ಸಣ್ಣ ಟ್ರಸ್ಟಿನಲ್ಲಿ. ದೊಡ್ಡ ಆಫೀಸುಗಳು ಬಿಟ್ಟುಕೊಟ್ಟ ಹಳೇ ಕಂಪ್ಯೂಟರುಗಳನ್ನು ತಂದು, ಧೂಳು ಝಾಡಿಸಿ, ಲಿನಕ್ಸ್ ಹಾಕಿ, ಪರದೆ ಮೇಲಿದ್ದದ್ದನ್ನು ದನಿಯಲ್ಲಿ ಓದಿ ಹೇಳುವ ಪ್ರೋಗ್ರಾಂ ಕೂಡಿಸಿ, ಕಣ್ಣು ಕಾಣದವರಿಗೆ ಕೊಡುವುದು ಆ ಟ್ರಸ್ಟಿನ ಕೆಲಸ. ಕೊಟ್ಟ ಮೇಲೆ ಅವು ನಡೆಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕು ನನ್ನ ಪಾಲಿಗೆ ಬಂದಿದ್ದವು. ಹೆಗಲಿಗೆ ಒಂದು ಚೀಲ, ಅದರಲ್ಲಿ ಸ್ಕ್ರೂಡ್ರೈವರ್, ಪೆನ್ ಡ್ರೈವು, ಒಂದು ಹೆಚ್ಚಿನ ಕೀಬೋರ್ಡು. ಹೋಗುವುದು ಬರುವುದು ಕೆಂಪು ಬಸ್ಸಿನಲ್ಲಿ. ಈಗ ನನ್ನ ಜಾಗಕ್ಕೆ ಬಂದವರು, ಕುಲಕರ್ಣಿ ಸರ, ನೀವು ಕಂಡದ್ದನ್ನ ಒಂದಿಷ್ಟು ಬರದು ಕೊಡ್ರಿ ಎಂದು ಕೇಳಿದ್ದಾರೆ. ಪುಸ್ತಕದಲ್ಲಿ ಸಿಗುವುದನ್ನು ನಾನು ಬರೆಯುವುದಿಲ್ಲ. ಆ ಫೋನ್ ಬಂದಾಗ ಮಷೀನಿನ ಕಡೆ ಇರುವ ಮೌನದ ಬಗ್ಗೆ ಬರೆಯುತ್ತೇನೆ.

ಮಷೀನು ಯಾಕೆ ಮಾತಾಡುವುದಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಗುಂಡಿ ಒತ್ತಿದ ಕೂಡಲೇ ಲಿನಕ್ಸ್ ಏಳುವುದಿಲ್ಲ. ಅದಕ್ಕೂ ಮುಂಚೆ ಬೂಟ್ ಲೋಡರ್ ಎಂಬ ಸಣ್ಣ ಪ್ರೋಗ್ರಾಂ ಎದ್ದು, ಡಿಸ್ಕಿನ ಯಾವ ಭಾಗದಲ್ಲಿ ಲಿನಕ್ಸ್ ಇದೆ ಎಂದು ಹುಡುಕಿ ಅದನ್ನು ಎಬ್ಬಿಸಬೇಕು. ನಮ್ಮ ಮಷೀನುಗಳಲ್ಲಿದ್ದ ಬೂಟ್ ಲೋಡರಿನ ಹೆಸರು ಗ್ರಬ್. ಓದಿ ಹೇಳುವ ದನಿ ಬರುವುದು ಲಿನಕ್ಸ್ ಎದ್ದ ಮೇಲೆ ಮಾತ್ರ. ಗ್ರಬ್ ಹಾದಿ ತಪ್ಪಿತೆಂದರೆ ಪರದೆ ಮೇಲೆ ಒಂದೆರಡು ಸಾಲು ಬರೆದು ಸುಮ್ಮನೆ ಕೂತುಬಿಡುತ್ತದೆ. ಕಣ್ಣಿದ್ದವರಿಗೆ ಆ ಸಾಲಾದರೂ ಸಿಗುತ್ತದೆ. ಕಣ್ಣಿಲ್ಲದವರಿಗೆ ಫ್ಯಾನಿನ ಸಪ್ಪಳ ಬಿಟ್ಟರೆ ಏನೂ ಇಲ್ಲ. ಸ್ಪೀಕರಿನ ವಾಯರ್ ಕಳಚಿದೆಯೋ, ಡಿಸ್ಕೇ ಸತ್ತಿದೆಯೋ, ಗ್ರಬ್ ಹಾದಿ ಕಾಯುತ್ತಾ ನಿಂತಿದೆಯೋ, ಅವರಿಗೆ ಎಲ್ಲವೂ ಅದೇ ಮೌನ. ಫೋನಿನ ಈ ತುದಿಯಲ್ಲಿದ್ದ ನನಗೂ ಅಷ್ಟೇ.

ಒಮ್ಮೊಮ್ಮೆ ಕಾರಣ ಏನೂ ಇರುತ್ತಿರಲಿಲ್ಲ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಒಬ್ಬ ಹಾರ್ಮೋನಿಯಂ ಮಾಸ್ತರರಿದ್ದರು. ಮಷೀನು ಸತ್ತೇ ಹೋಯಿತು ಎಂದು ಅವರು ಫೋನ್ ಮಾಡಿದರು. ದಾರಿಯುದ್ದಕ್ಕೂ ಡಿಸ್ಕ್ ಹೋಗಿರಬೇಕು, ಅವರ ಇಷ್ಟು ವರ್ಷದ ರೆಕಾರ್ಡಿಂಗು ಹೋದವು ಎಂದುಕೊಳ್ಳುತ್ತಾ ಹೋದೆ. ಹೋಗಿ ನೋಡಿದರೆ ಹಿಂಬದಿಯಲ್ಲಿ ಭಜನೆಯ ಪೆನ್ ಡ್ರೈವು ಸಿಕ್ಕಿಸಿದ್ದು ಹಾಗೆಯೇ ಇತ್ತು. ಮಷೀನು ಅದರೊಳಗೆ ಲಿನಕ್ಸ್ ಹುಡುಕುತ್ತಾ ಕೂತಿತ್ತು. ಕಿತ್ತ ಕೂಡಲೇ ಮಾತಾಡಿತು. ಮಾಸ್ತರರು ನಾಚಿಕೆಪಟ್ಟು ಎರಡೆರಡು ಸಲ ಚಹಾ ಕುಡಿಸಿದರು.

ಇನ್ನೊಂದು ಸಲ ಮುದ್ದೇಬಿಹಾಳದಲ್ಲಿ ನಾಚಿಕೆ ಪಡುವ ಪಾಳಿ ನನ್ನದಾಯಿತು. ಅಲ್ಲಿ ಒಬ್ಬರ ಮಷೀನನ್ನು ನನ್ನ ಪೆನ್ ಡ್ರೈವಿನಿಂದ ಎಬ್ಬಿಸಿ, ಗ್ರಬ್ಬನ್ನು ಹೊಸದಾಗಿ ಕೂಡಿಸಿ, ಮತ್ತೆ ಮತ್ತೆ ಬಂದ್ ಮಾಡಿ ಚಾಲೂ ಮಾಡಿ ನೋಡಿದೆ. ಎಲ್ಲ ಸಲವೂ ಚೆನ್ನಾಗಿ ಮಾತಾಡಿತು. ಪೆನ್ ಡ್ರೈವು ಕಿಸೆಗೆ ಹಾಕಿಕೊಂಡು ಬಸ್ ಹತ್ತಿದೆ. ತಾಳಿಕೋಟಿ ಮುಟ್ಟುವುದರೊಳಗೆ ಫೋನ್ ಬಂತು. ಗ್ರಬ್ಬನ್ನು ನಾನು ಅವರ ಡಿಸ್ಕಿಗೆ ಕೂಡಿಸುವ ಬದಲು ನನ್ನ ಪೆನ್ ಡ್ರೈವಿಗೇ ಕೂಡಿಸಿದ್ದೆ. ಮಷೀನಿನ ಹಾದಿ ನನ್ನ ಕಿಸೆಯಲ್ಲಿ ಕೂತು ಬಸ್ಸಿನಲ್ಲಿ ಹೊರಟಿತ್ತು.

ಈ ಸುದ್ದಿ ಪಾಟೀಲ ಸಾಹೇಬರಿಗೆ ಮುಟ್ಟಿತು. ಅವರು ನಮ್ಮ ಟ್ರಸ್ಟಿನ ಕಾರ್ಯದರ್ಶಿ, ಹಿಂದೆ ಹೈಸ್ಕೂಲು ಹೆಡ್‌ಮಾಸ್ತರರಾಗಿದ್ದವರು. ಬೈಯಲಿಲ್ಲ. ನಿಯಮ ಮಾಡಿದರು. ಏಳದ ಮಷೀನಿಗೆ ಇನ್ನು ಮುಂದೆ ಊರಲ್ಲಿ ಕೈ ಹಚ್ಚಬಾರದು. ಆಫೀಸಿಗೆ ತಂದು, ಡಿಸ್ಕ್ ಒರೆಸಿ, ಹೊಸದಾಗಿ ಲಿನಕ್ಸ್ ಹಾಕಿ ಕೊಡಬೇಕು. ಅವರ ಲೆಕ್ಕದಲ್ಲಿ ಅದು ಸುರಕ್ಷಿತ. ಆದರೆ ಒರೆಸಿದಾಗ ಒಳಗಿದ್ದದ್ದೆಲ್ಲ ಹೋಗುತ್ತದೆ, ಹೋಗಿ ಬರುವುದರೊಳಗೆ ವಾರ ಕಳೆಯುತ್ತದೆ ಎಂದರೆ, ಅಷ್ಟು ದಿನ ಕಾಯಲಿ ಬಿಡ್ರಿ ಅನ್ನುತ್ತಿದ್ದರು. ಶಿವಲೀಲಾ ಅವರಿಗೆ ವಾರ ಇರಲಿಲ್ಲ. ಒಂದು ರಾತ್ರಿ ಇತ್ತು.

ಶಿವಲೀಲಾ ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯಲ್ಲಿ ಒಂದು ಅನುದಾನಿತ ಖಾಸಗಿ ಹೈಸ್ಕೂಲಿನ ಶಿಕ್ಷಕಿ. ಕಲಿಸುವುದು ಸಮಾಜ ವಿಜ್ಞಾನ. ಹುಟ್ಟಿದಾಗಿನಿಂದ ಕಣ್ಣಿಲ್ಲ. ಅವರು ಟೈಪ್ ಮಾಡುವ ಸಪ್ಪಳ ದೂರದಿಂದ ಕೇಳಿದರೆ ಯಾರೋ ಶೇಂಗಾ ಹುರಿಯುತ್ತಿದ್ದಾರೆ ಅನ್ನಿಸುತ್ತಿತ್ತು. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಮಕ್ಕಳ ಅಂಕಪಟ್ಟಿ ಎಲ್ಲವನ್ನೂ ಶಾಲೆಯ ಸ್ಟಾಫ್ ರೂಮಿನಲ್ಲಿದ್ದ ನಮ್ಮ ಮಷೀನಿನಲ್ಲಿ ತಾವೇ ಮಾಡುತ್ತಿದ್ದರು. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹಿಂದೊಮ್ಮೆ ಅಂಕಪಟ್ಟಿ ತಡವಾಗಿತ್ತು. ಆಗ ಹೆಡ್‌ಮಾಸ್ತರ ಬಿರಾದಾರ ಸರ, ಈ ಶಿಕ್ಷಕಿಗೆ ಬರೆಯುವ ಕೆಲಸಕ್ಕೆ ಬೇರೆಯವರ ಸಹಾಯ ಬೇಕಾಗಬಹುದು ಎಂದು ಬರೆದು ಕಳಿಸಿದ್ದರು. ಬಿರಾದಾರ ಸರ ಕೆಟ್ಟವರಲ್ಲ. ನಾಳೆ ಏನಾದರೂ ಆದರೆ ಕೇಳುವುದು ನನ್ನನ್ನೇ ಎಂಬ ಅಂಜಿಕೆ ಅವರಿಗೆ. ಅದನ್ನು ಓದಿದ ಆಡಳಿತ ಮಂಡಳಿಯವರು, ನಾವೇ ಬಂದು ಕಣ್ಣಾರೆ ನೋಡುತ್ತೇವೆ ಎಂದು ದಿನ ಗೊತ್ತು ಮಾಡಿದ್ದರು.

ಅದರ ಹಿಂದಿನ ದಿನ ನಾನು ಸಿಂದಗಿ ಕಡೆ ಇದ್ದೆ. ಕನ್ನೊಳ್ಳಿಯಲ್ಲಿ ಒಬ್ಬರ ಕೀಬೋರ್ಡು ಬದಲಿಸಿ, ಮಧ್ಯಾಹ್ನ ಬಾಗೇವಾಡಿ ಬಸ್ ಹಿಡಿದೆ. ಹಿಂದಿನೆರಡು ದಿನ ಭಾರೀ ಮಳೆ. ಡೋಣಿ ಹೊಳೆಯ ಸೇತುವೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಬಸ್ ನಿಂತಿತು. ಸೇತುವೆ ಮೇಲೆ ನೀರು ಹತ್ತಿದೆ, ಇಳಿಯದ ಹೊರತು ಗಾಡಿ ಬಿಡುವುದಿಲ್ಲ ಎಂದ ಕಂಡಕ್ಟರ್. ಅದೇ ಹೊತ್ತಿಗೆ ಫೋನ್ ಬಂತು.

"ಸರ, ಮಾತಾಡವಲ್ದು," ಎಂದರು ಶಿವಲೀಲಾ. ಜೊತೆಗೇ, "ನಾಳೆ ಮಂಡಳಿಯವರು ಬರ್ತಾರ," ಎಂದರು.

ನಾನು ಬಸ್ಸಿನಿಂದ ಇಳಿದು, ಸಿಗ್ನಲ್ ಸಿಗುವ ಕಡೆ ಹುಡುಕಿ, ರಸ್ತೆ ಬದಿಯ ಒಡ್ಡಿನ ಮೇಲೆ ಕೊಡೆ ಹಿಡಿದು ನಿಂತೆ. ಪೆನ್ ಡ್ರೈವು ಹಚ್ಚಿದ್ದೀರಾ ಎಂದು ಕೇಳಿದೆ. ಹೌದು, ಟಿಪ್ಪಣಿಗಳ ನಕಲು ಮಾಡುವ ಪೆನ್ ಡ್ರೈವು ಇದೆ ಎಂದರು. ಕಿತ್ತು ನೋಡಿದರು. ಅದೇ ಮೌನ. ನಿನ್ನೆ ಮೊನ್ನೆ ಯಾರಾದರೂ ಮಷೀನು ಮುಟ್ಟಿದ್ದಾರೆಯೇ ಎಂದೆ. ಶಾಲೆಯ ಹಣಕಾಸಿನ ಪ್ರೋಗ್ರಾಂ ಹಾಕಲು ಬಾಗೇವಾಡಿಯಿಂದ ಆಪರೇಟರ್ ಒಬ್ಬರು ಬಂದಿದ್ದರಂತೆ. ಡಿಸ್ಕಿನಲ್ಲಿ ಒಂದಿಷ್ಟು ಜಾಗ ಬೇರೆ ಮಾಡಿದ್ದೇನೆ, ನಿಮ್ಮದಕ್ಕೇನೂ ಆಗುವುದಿಲ್ಲ ಎಂದು ಹೇಳಿ ಹೋಗಿದ್ದರಂತೆ.

ನನಗೆ ಅರ್ಥವಾಯಿತು. ಡಿಸ್ಕನ್ನು ಭಾಗ ಮಾಡಿದರೆ ಒಂದೊಂದು ಭಾಗಕ್ಕೂ ಒಂದು ನಂಬರು ಇರುತ್ತದೆ. ನಡುವೆ ಹೊಸ ಭಾಗ ಬಂದರೆ ನಂಬರು ಹಿಂದೆ ಮುಂದೆ ಆಗುತ್ತವೆ. ಲಿನಕ್ಸ್ ತನ್ನ ಜಾಗದಲ್ಲೇ ಇದೆ, ಆದರೆ ಗ್ರಬ್ ಹಳೇ ನಂಬರಿನಲ್ಲಿ ಹುಡುಕಿ ಸೋತು ಕೂತಿದೆ. ಅಲ್ಲಿದ್ದರೆ ದೊಡ್ಡ ಕೆಲಸವಲ್ಲ. ನಾನು ಅಲ್ಲಿರಲಿಲ್ಲ.

ಪಾಟೀಲ ಸಾಹೇಬರಿಗೆ ಫೋನ್ ಮಾಡಿದೆ. ಅವರು ಪೂರಾ ಕೇಳಿಸಿಕೊಂಡು, ಫೋನಿನ ಮೇಲೆ ಏನೂ ಮಾಡಿಸಬೇಡಿ, ಈ ವಾರದ ಅಂಕ ಎಲ್ಲಾ ಒಳಗಿದೆ ಅನ್ನುತ್ತೀರಿ, ಒಂದು ಅಕ್ಷರ ತಪ್ಪಿದರೆ ಯಾರು ಜವಾಬ್ದಾರಿ, ಮಂಡಳಿಯವರಿಗೆ ದಿನ ಮುಂದೂಡಲು ಹೇಳಿಸಿ ಎಂದರು. ಅವರು ಹೇಳಿದ್ದು ತಪ್ಪಲ್ಲ. ದಿನ ಮುಂದೂಡಿ ಎಂದು ಕೇಳಿದರೆ ಮಂಡಳಿಯವರು ಏನು ತಿಳಿದುಕೊಳ್ಳುತ್ತಾರೆ ಎಂಬುದೂ ಗೊತ್ತಿತ್ತು. ಹೂಂ ಅನ್ನದೆ, ಊಹೂಂ ಅನ್ನದೆ ಫೋನ್ ಇಟ್ಟೆ. ಸೇತುವೆ ಕಡೆ ನೋಡಿದೆ. ನೀರು ಇಳಿಯುವ ಲಕ್ಷಣ ಇರಲಿಲ್ಲ. ತಿರುಗಿ ಶಿವಲೀಲಾ ಅವರಿಗೇ ಫೋನ್ ಹಚ್ಚಿದೆ.

ಶಾಲೆ ಬಿಟ್ಟಿತ್ತು. ಬಿರಾದಾರ ಸರ ನಾಳೆಯ ತಯಾರಿಗೆಂದು ಪೇಟೆಗೆ ಹೋಗಿದ್ದರು. ಉಳಿದವರು ಬಿಸಿಯೂಟದ ಮಾದೇವಿ ಒಬ್ಬರೇ, ಭಾಂಡೆ ತೊಳೆಯುತ್ತಿದ್ದರು. ಅವರನ್ನೇ ಕರೆಸಿದೆವು. ಮಾದೇವಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಪರದೆ ಮೇಲೆ ಏನಿದೆ ಹೇಳಿ ಎಂದರೆ, ಕರೀ ಹಲಗೆ ಮೇಲೆ ಬಿಳೀ ಇಂಗ್ಲಿಷ್ ಅಕ್ಷರ, ತನಗೆ ಓದಲು ಬರುವುದಿಲ್ಲ ಎಂದು ಹಿಂದೆ ಸರಿದರು. ಓದಬೇಡಿ, ಕಡೆಯ ಸಾಲಿನ ಅಕ್ಷರ ಯಾವುದರಂತೆ ಕಾಣುತ್ತವೆ ಅಷ್ಟು ಹೇಳಿ ಎಂದೆ.

"ಮೊದಲ್ನೇದು ಒಂಬತ್ತರಂಗ ಐತ್ರಿ," ಎಂದರು. "ಆಮ್ಯಾಲೆ ಒಂದು ಕೊಕ್ಕಿ. ಆಮ್ಯಾಲೆ ಬಟ್ಟಲದಂಗ. ಆಮ್ಯಾಲೆ ಆರು."

ಜಿ, ಆರ್, ಯು, ಬಿ. ಡಿಸ್ಕ್ ಸತ್ತಿಲ್ಲ. ಗ್ರಬ್ ಎದ್ದು ಹಾದಿ ಕೇಳುತ್ತಾ ನಿಂತಿದೆ.

ಅಲ್ಲಿಂದ ಮೂವರು ಸೇರಿ ಕೆಲಸ ಹಿಡಿದೆವು. ನಾನು ಒಂದೊಂದೇ ಅಕ್ಷರ ಹೇಳುವುದು, ಶಿವಲೀಲಾ ಟೈಪ್ ಮಾಡುವುದು, ಪರದೆ ಮೇಲೆ ಬಂದದ್ದನ್ನು ಮಾದೇವಿ ಹೇಳುವುದು. ಡಿಸ್ಕಿನ ಭಾಗಗಳನ್ನು ತೋರಿಸು ಎಂದು ಕೇಳಿದಾಗ ಗ್ರಬ್ ಒಂದು ಸಾಲು ಬರೆಯಿತು. ಎದುರಾಬದುರಾ ಕುಡಗೋಲು ಇಟ್ಟಂತೆ ಇದೆ, ನಾಲ್ಕು ಜೋಡಿಯ ಕೊನೆಯಲ್ಲಿ ಅಂಕಿ ಇದೆ ಎಂದರು ಮಾದೇವಿ. ಕುಡಗೋಲು ಅಂದರೆ ಬ್ರಾಕೆಟ್ಟು. ಅಂಕಿ ಅವರಿಗೆ ಚೆನ್ನಾಗಿ ಬರುತ್ತಿದ್ದವು: ಏಳು, ಆರು, ಐದು, ಒಂದು. ಲಿನಕ್ಸ್ ಇದರಲ್ಲಿ ಯಾವುದರೊಳಗಿದೆ? ಮೊದಲು ಐದನೆಯದನ್ನು ತೆರೆಯಲು ಹೇಳಿದೆ. ಒಂದೇ ಸಾಲಿನ ಉತ್ತರ ಬಂತು. ಅಂದರೆ ಇಲ್ಲ. ಆರನೆಯದಕ್ಕೂ ಅಷ್ಟೇ. ಆಪರೇಟರ್ ಜಾಗ ಬೇರೆ ಮಾಡುವಾಗ ಲಿನಕ್ಸನ್ನೇ ಅಳಿಸಿಬಿಟ್ಟಿದ್ದರೆ? ಈ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆ ಕಡೆಯಿಂದ ಶಿವಲೀಲಾ, "ಇನ್ನೊಂದು ಐತಲ್ಲ ಸರ, ಏಳು," ಎಂದರು.

ಏಳನೆಯದಕ್ಕೂ ಅಂಥದೇ ಒಂದು ಸಾಲು ಬಂತು. ಆಗ ಮಾದೇವಿ, "ಅಕ್ಕೋರ, ಈ ಸಲ ನಡುವ ಬಾಲ ಎರಡು ಬಿದ್ದಾವ. ಮೊದಲ ಒಂದ ಇತ್ತು," ಎಂದರು. ಹಳೇ ಕೀಬೋರ್ಡಿನ ಅಲ್ಪವಿರಾಮದ ಕೀಲಿ ಅಂಟಿಕೊಂಡು ಎರಡು ಸಲ ಒತ್ತಿತ್ತು. ಶಿವಲೀಲಾ ಮತ್ತೆ ಹೊಡೆದರು. ಈ ಸಲ ಸಾಲಿನ ಮೇಲೆ ಸಾಲು ಹೆಸರು ಬಂದವು ಎಂದು ಮಾದೇವಿ ಹೇಳುವಾಗ, ಕೊಡೆ ಗಾಳಿಗೆ ತಿರುಗಿ ನಾನು ಪೂರಾ ತೊಯ್ದಿದ್ದೆ. ಅದು ಗೊತ್ತಾದದ್ದು ಆಮೇಲೆ.

ಉಳಿದದ್ದು ಗ್ರಬ್ಬಿಗೆ ಹೊಸ ನಂಬರು ಹೇಳುವುದು. ಸರಿಯಾಗಿ ಹೇಳಿದರೆ ಅದು ಒಂದು ಮಾತೂ ಆಡುವುದಿಲ್ಲ, ತಪ್ಪಿದರೆ ಮಾತ್ರ ಬರೆಯುತ್ತದೆ. ಹಾಗಾಗಿ ಪ್ರತಿ ಸಾಲಿನ ನಂತರ ನಾವು ಮೂವರೂ ಏನೂ ಬರಬಾರದು ಎಂದು ಕಾಯುತ್ತಿದ್ದೆವು. ಕಡೆಯ ಸಾಲು ಹೊಡೆದ ಮೇಲೆ ಪರದೆ ಬದಲಾಯಿತು, ಪಟ್ಟಿಯಂಥದ್ದು ಬಂತು ಎಂದರು ಮಾದೇವಿ. ಎಂಟರ್ ಒತ್ತಲು ಹೇಳಿದೆ. ಆಮೇಲೆ ಫೋನಿನಲ್ಲಿ ಫ್ಯಾನಿನ ಸಪ್ಪಳ ಬಿಟ್ಟು ಏನೂ ಇಲ್ಲ. ಕೊನೆಗೆ ಮಷೀನಿನ ಆ ಒರಟು ದನಿ ಮಾತಾಡಿತು.

ಆದರೆ ಇದು ಆ ಒಂದು ಸಲಕ್ಕೆ ಮಾತ್ರ. ಬಂದ್ ಮಾಡಿದರೆ ಗ್ರಬ್ ಮತ್ತೆ ಹಾದಿ ತಪ್ಪುತ್ತದೆ. ಹೊಸ ಹಾದಿಯನ್ನು ಡಿಸ್ಕಿಗೆ ಬರೆಯಬೇಕು. ಸಾಹೇಬರು ಅಂಜಿದ್ದೂ, ಮುದ್ದೇಬಿಹಾಳದಲ್ಲಿ ನಾನು ಎಡವಿದ್ದೂ ಈ ಮೆಟ್ಟಿಲಿನಲ್ಲೇ. ಪೆನ್ ಡ್ರೈವು ಕಿತ್ತದ್ದು ಎಲ್ಲಿದೆ ಎಂದು ಕೇಳಿದೆ. ಕೈಯಲ್ಲಿ ಹಿಡಿದುಕೊಂಡಿದ್ದೇನೆ ಎಂದರು. ಮೊದಲು ಅಂಕಪಟ್ಟಿಯ ನಕಲು ಅದಕ್ಕೆ ಮಾಡಿಸಿ, ಮತ್ತೆ ಕಿತ್ತು ಬೇರೆ ಮೇಜಿನ ಮೇಲೆ ಇಡಿಸಿದೆ. ಮುಂದಿನದಕ್ಕೆ ಮಾದೇವಿಯ ಕಣ್ಣು ಬೇಕಾಗಲಿಲ್ಲ. ಮಷೀನು ಓದುತ್ತಿತ್ತು, ಶಿವಲೀಲಾ ಹೊಡೆಯುತ್ತಿದ್ದರು, ತಪ್ಪಿಲ್ಲದೆ ಮುಗಿಯಿತು ಎಂದು ಮಷೀನು ಹೇಳಿದ್ದು ನನಗೂ ಕೇಳಿಸಿತು.

ಬಂದ್ ಮಾಡಬೇಡಿ, ನಾಳೆತನಕ ಹೀಗೆಯೇ ಇಡಿ ಎಂದೆ. ನನಗೆ ಧೈರ್ಯ ಸಾಲಲಿಲ್ಲ.

"ಹಂಗಿಟ್ರ ನನಗ ನಿದ್ದಿ ಬರಂಗಿಲ್ಲ ಸರ," ಎಂದರು ಶಿವಲೀಲಾ. "ಕೆಟ್ಟಿದ್ರ ಈಗ ಗೊತ್ತಾಗ್ಲಿ."

ಬಂದ್ ಮಾಡಿದರು. ಚಾಲೂ ಮಾಡಿದರು. ನಾನು ಕಣ್ಣು ಮುಚ್ಚಿಕೊಂಡು ಒಡ್ಡಿನ ಮೇಲೆ ನಿಂತಿದ್ದೆ. ಮಾತಾಡಿತು.

ಮರುದಿನ ನೀರು ಇಳಿದು ನಾನು ಹಿಪ್ಪರಗಿ ಮುಟ್ಟುವುದರೊಳಗೆ ಮಂಡಳಿಯವರು ಬಂದು ಕೂತಿದ್ದರು. ಹೊರಗಿನವರು ಬೇಡ ಎಂದು ನನ್ನನ್ನು ವರಾಂಡದಲ್ಲೇ ನಿಲ್ಲಿಸಿದರು. ಕಿಟಕಿ ತೆರೆದಿತ್ತು. ಮಂಡಳಿಯ ಅಧ್ಯಕ್ಷರು ವಯಸ್ಸಾದ ವ್ಯಾಪಾರಿ, ಸಮಾಧಾನದ ಮನುಷ್ಯ. ಇದನ್ನು ಯಾರೋ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ, ಬಂದ್ ಮಾಡಿ ನೀವೇ ಮೊದಲಿನಿಂದ ಚಾಲೂ ಮಾಡಿ ತೋರಿಸಿ ಎಂದರು. ಶಿವಲೀಲಾ ಬಂದ್ ಮಾಡಿ, ಗುಂಡಿ ಹುಡುಕಿ ಒತ್ತಿದರು.

ಗ್ರಬ್ ಎದ್ದ ಮೇಲೆ ಯಾವುದನ್ನು ಎಬ್ಬಿಸಬೇಕು ಎಂಬ ಪಟ್ಟಿ ತೋರಿಸಿ ಕೆಲವು ಕ್ಷಣ ಕಾಯುತ್ತದೆ. ನಾನೇ ಹಾಗೆ ಇಟ್ಟಿದ್ದೆ. ಆ ಕೆಲವು ಕ್ಷಣ ಅಷ್ಟು ಉದ್ದ ಇರುತ್ತವೆ ಎಂದು ಆವತ್ತು ತಿಳಿಯಿತು. ಒಳಗೆ ಒಬ್ಬರು, ಯಾಕೋ ಆಗವಲ್ದಲ್ಲ ಎಂದರು. ಶಿವಲೀಲಾ ಮುಖ ಎತ್ತಿ ಗೋಡೆ ಕಡೆ ಮಾಡಿ ಕೂತಿದ್ದರು. ಎರಡೂ ಕೈ ಕೀಬೋರ್ಡಿನ ಮೇಲೆ, ಬೆರಳು ಅಲುಗಾಡಲಿಲ್ಲ. ಬಿರಾದಾರ ಸರ ತಡೆಯಲಾರದೆ ಎದ್ದು ಪರದೆ ನೋಡಿ, "ಹಾಂ, ಇಲ್ಲಿ ಪಟ್ಟಿ—" ಎಂದು ಶುರು ಮಾಡಿದರು.

"ಹೇಳಬ್ಯಾಡ್ರಿ ಸರ," ಎಂದರು ಶಿವಲೀಲಾ.

ಬಿರಾದಾರ ಸರ ಅಲ್ಲೇ ನಿಂತರು. ಮತ್ತೊಂದಿಷ್ಟು ಹೊತ್ತು. ಆಮೇಲೆ ಮಷೀನು ಮಾತಾಡಿತು. ಅಂಕಪಟ್ಟಿ ತೆರೆದರು, ಅಧ್ಯಕ್ಷರು ಕೇಳಿದ ಹುಡುಗಿಯ ಅಂಕ ಹುಡುಕಿ ಹೇಳಿದರು, ಒಂದು ಪ್ರಶ್ನೆಪತ್ರಿಕೆ ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಟ್ಟರು. ಕಾಯಂ ಆದೇಶ ಬರಲು ಒಂದಿಷ್ಟು ದಿನ ಹಿಡಿಯಿತು, ಆದರೆ ಬಂತು. ಅದರ ಜೊತೆಗಿದ್ದ ವರದಿಯನ್ನು ಈ ಸಲ ಬಿರಾದಾರ ಸರ, ಬೇರೆಯವರ ಸಹಾಯ ಬೇಕು ಎಂಬ ಮಾತು ತೆಗೆದು, ತಾವೇ ತಿದ್ದಿ ಬರೆದಿದ್ದರು.

ಆವತ್ತು ಮಂಡಳಿಯವರು ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಕೂತಾಗ ನಾನು, ಗೆದ್ದಿರಲ್ಲ ಎಂದೆ. ಶಿವಲೀಲಾ ನಗಲಿಲ್ಲ. ಮಷೀನು ಏಳದ ಹೊತ್ತಿನಲ್ಲಿ ಅದು ನಿಂತಿದೆಯೋ ನಡೆಯುತ್ತಿದೆಯೋ ಒಂದೂ ತಿಳಿಯುವುದಿಲ್ಲ, ಎಷ್ಟು ಹೊತ್ತು ಕಾದ ಮೇಲೆ ಅಂಜಬೇಕು ಎಂಬುದೂ ತಿಳಿಯುವುದಿಲ್ಲ ಎಂದರು. "ನಡುವ ಎಲ್ಲೆರ ಒಂದು ಸಪ್ಪಳ ಮಾಡಾಕ ಬರಂಗಿಲ್ಲೇನ್ರಿ ಸರ? ಒಂದ ಸಾಕು."

ಬರುವುದಿಲ್ಲ ಎಂದುಬಿಟ್ಟೆ. ಲಿನಕ್ಸ್ ಏಳುವ ಮುಂಚೆ ದನಿ ಎಲ್ಲಿಂದ ಬರಬೇಕು?

ವಿಜಯಪುರಕ್ಕೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಗ್ರಬ್ಬಿನ ಸೆಟ್ಟಿಂಗು ಇರುವ ಕಡತ ತೆರೆದು, ಇಷ್ಟು ವರ್ಷ ಎರಡೇ ಸಾಲು ನೋಡಿ ಮುಚ್ಚುತ್ತಿದ್ದವನು ಕೆಳಗಿನತನಕ ಓದಿದೆ. ಕೊನೆಯಲ್ಲಿ ಒಂದು ಸಾಲು ಇತ್ತು: ಗ್ರಬ್ ಎದ್ದಾಗ ಬೀಪ್ ಬೇಕಿದ್ದರೆ ಮುಂದಿನ ಸಾಲಿನ ಮೊದಲ ಗುರುತು ತೆಗೆಯಿರಿ ಎಂದು. ನಾನು ಕೊಟ್ಟ ಅಷ್ಟೂ ಮಷೀನುಗಳಲ್ಲಿ ಆ ಸಾಲು ಇತ್ತು. ಒಂದೇ ಒಂದು ಗುರುತು ಅಳಿಸುವ ಕೆಲಸ. ಮಷೀನಿನ ಒಳಗೆ, ಬಟನ್ನಿನಷ್ಟು ಸಣ್ಣ ಬಜರ್ ಇದ್ದರೆ ಆಯಿತು, ಸ್ಪೀಕರಿನ ಹಂಗಿಲ್ಲ.

ಪಾಟೀಲ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ, ನಿಯಮ ಮುರಿದದ್ದನ್ನೂ ಸೇರಿಸಿ. ಅವರ ಮುಖ ಬಿಗಿಯಿತು. ಪರದೆ ಕಾಣದಂತೆ ಕುರ್ಚಿ ಗೋಡೆ ಕಡೆ ತಿರುಗಿಸಿಕೊಂಡು, ಒಂದು ಮಷೀನು ಚಾಲೂ ಮಾಡ್ರಿ, ಬೀಪ್ ಇಲ್ಲದ್ದು ಎಂದರು. ಮಾಡಿದೆ. ಅದು ಮಾತಾಡುವತನಕ ಅವರು ಎರಡು ಸಲ ಹಿಂದೆ ತಿರುಗಲು ಹೋಗಿ ತಡೆದುಕೊಂಡರು. ಆಮೇಲೆ ಬೀಪ್ ಇದ್ದದ್ದನ್ನು ಚಾಲೂ ಮಾಡಿಸಿ ಕೇಳಿದರು. ಎಲ್ಲಾ ಮಷೀನಿಗೂ ಹಾಕ್ರಿ ಎಂದರು. ಒರೆಸುವ ನಿಯಮ ಅಂದಿನಿಂದ ಹೋಯಿತು. ಮೊದಲು ನಕಲು, ಆಮೇಲೆ ರಿಪೇರಿ ಎಂದಾಯಿತು.

ಹೊಸಬರಿಗೆ ಒಂದು ಮಾತು. ನಿಮ್ಮ ಕಾಲದಲ್ಲಿ ಮಷೀನು ಏಳುವ ರೀತಿ ಬದಲಾಗಿದೆ, ನಂಬರಿನ ಗೊಂದಲ ಕಡಿಮೆಯಾಗಿದೆ, ವೀಡಿಯೊ ಕಾಲ್‌ನಲ್ಲಿ ಪರದೆಯನ್ನೇ ನೋಡಬಹುದು. ಅದೆಲ್ಲ ಒಳ್ಳೆಯದೇ. ಆದರೆ ಹೊಸ ಮಷೀನುಗಳಲ್ಲಿ ಆ ಬಜರ್ ಬರುವುದಿಲ್ಲ. ಬೋರ್ಡಿನಲ್ಲಿ ಅದಕ್ಕೆ ಜಾಗ ಇದ್ದರೆ ಮರೆಯದೆ ಕೂಡಿಸಿ. ಕೊಟ್ಟು ಬರುವ ಮುಂಚೆ ಒಮ್ಮೆ ಕಣ್ಣು ಮುಚ್ಚಿಕೊಂಡು ಮಷೀನು ಚಾಲೂ ಮಾಡಿ ನೋಡಿ.

ಮೊದಲ ಬಜರ್ ಹಾಕಲು ನಾನು ಹಿಪ್ಪರಗಿಗೇ ಹೋದೆ. ಮಧ್ಯಾಹ್ನದ ಊಟದ ಹೊತ್ತು, ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಡಬ್ಬಿ ತೆರೆದು, ಬಜರ್ ಕೂಡಿಸಿ, ಆ ಗುರುತು ಅಳಿಸಿ, ಏನು ಮಾಡಿದ್ದೇನೆ ಎಂದು ಹೇಳದೆ, ಚಾಲೂ ಮಾಡ್ರಿ ಎಂದೆ. ಶಿವಲೀಲಾ ಗುಂಡಿ ಒತ್ತಿದರು. ಫ್ಯಾನ್ ತಿರುಗಿತು. ಪೀಂ ಎಂದು ಒಂದು ಸಣ್ಣ ದನಿ ಬಂತು. ಅವರು ತಲೆ ಓರೆ ಮಾಡಿ ಹಾಗೆಯೇ ಕೂತರು.

ಬಾಗಿಲ ಬಳಿ ಸಾರಿನ ಬಕೆಟ್ ಹಿಡಿದು ಹೋಗುತ್ತಿದ್ದ ಮಾದೇವಿ ಅದನ್ನು ಕೇಳಿ ಇಣುಕಿ ನೋಡಿ, "ಅಕ್ಕೋರ, ಮಷೀನು ಎದ್ದತಿ ನೋಡ್ರಿ," ಎಂದರು.

"ಇನ್ನೂ ಎದ್ದಿಲ್ಲ ಮಾದೇವಕ್ಕ," ಎಂದರು ಶಿವಲೀಲಾ. "ಏಳಾಕತ್ತೈತಿ."